ಹಳೆಯ ಜನಗಣತಿ ಹಾಳೆಗಳಲ್ಲಿ ಪೂರ್ವಜರ ಕಸುಬನ್ನು ಓದಿ ತಿಳಿಯುವ ಬಗೆ: ಸಮಗ್ರ ಮಾರ್ಗದರ್ಶಿ

ಬ್ರಿಟನ್ನಿನ ಹಳೆಯ ಜನಗಣತಿ ಹಾಳೆಗಳಲ್ಲಿ ತಮ್ಮ ವಂಶದ ಹಿರಿಯರ ಹೆಸರು, ವಯಸ್ಸು, ಹುಟ್ಟೂರುಗಳನ್ನು ಸಲೀಸಾಗಿ ಗುರುತಿಸಿದವರೂ ಕಸುಬಿನ ಅಂಕಣಕ್ಕೆ ಬಂದಾಗ ಎಡವುತ್ತಾರೆ. ಹೆಸರನ್ನು ಹುಡುಕುವಾಗ ಯಾವ ಪದ ಸಿಗಬೇಕು ಎಂಬುದು ನಮಗೆ ಮೊದಲೇ ಗೊತ್ತಿರುತ್ತದೆ; ಕಸುಬಿನ ವಿಷಯದಲ್ಲಿ ಅದು ಗೊತ್ತಿರುವುದಿಲ್ಲ. ಆಗ ಕಣ್ಣು ತನಗೆ ಪರಿಚಯವಿರುವ ಪದವನ್ನೇ ಹಾಳೆಯ ಮೇಲೆ ಕಾಣತೊಡಗುತ್ತದೆ, ಒಮ್ಮೆ ಹಾಗೆ ಕಂಡ ಮೇಲೆ ಅದನ್ನು ಬಿಟ್ಟು ಬೇರೆ ರೀತಿಯಲ್ಲಿ ಓದುವುದು ಬಹಳ ಕಷ್ಟವಾಗುತ್ತದೆ.

ಆದ್ದರಿಂದ ಇಲ್ಲಿ ಹೇಳುವ ಹಂತಗಳೆಲ್ಲ ಒಂದೇ ನಿಯಮವನ್ನು ಅವಲಂಬಿಸಿವೆ: ಅಕ್ಷರವನ್ನು ಓದುವ ಕೆಲಸವನ್ನು ಮುಗಿಸುವ ತನಕ ಅರ್ಥ ಹಚ್ಚುವ ಕೆಲಸವನ್ನು ಶುರು ಮಾಡಬಾರದು. ಹಂತಗಳ ಕ್ರಮವನ್ನು ಬದಲಿಸಿದರೆ ಫಲಿತಾಂಶವೂ ಬದಲಾಗುತ್ತದೆ. ನಿಘಂಟನ್ನು ಮೊದಲು ತೆರೆದವರು ನಿಘಂಟಿನಲ್ಲಿರುವ ಪದವನ್ನೇ ಹಾಳೆಯಲ್ಲೂ ಓದುತ್ತಾರೆ.

ಈ ಬರಹ ಮುಖ್ಯವಾಗಿ 1841ರಿಂದ 1921ರವರೆಗಿನ ಇಂಗ್ಲೆಂಡ್ ಮತ್ತು ವೇಲ್ಸ್ ಗಣತಿಗಳನ್ನು ಕುರಿತದ್ದು. ಭಾರತದ ಗಣತಿಯಲ್ಲಿ ಮನೆವಾರು ದಾಖಲೆಗಳನ್ನು ಸಾರ್ವಜನಿಕರು ಪರಿಶೀಲಿಸಲು 1948ರ ಜನಗಣತಿ ಕಾಯಿದೆಯ 15ನೇ ಕಲಂ ಅವಕಾಶ ಕೊಡುವುದಿಲ್ಲ. ಇಲ್ಲಿನ ವಿಧಾನವನ್ನು ಅಲ್ಲಿ ಅನ್ವಯಿಸಲು ಹೊರಟರೆ ಓದಲು ಹಾಳೆಯೇ ಸಿಗದು.

ಮೊದಲು ಹೊಂದಿಸಿಕೊಳ್ಳಬೇಕಾದವು

ಬೇಕಾಗುವ ಸಲಕರಣೆಗಳು ಕಡಿಮೆ. ಹಾಳೆಯ ಚಿತ್ರವನ್ನು ಇಳಿಸಿಕೊಂಡು ನೋಡಬಹುದಾದ ದೊಡ್ಡ ಪರದೆ, ಚಿತ್ರದ ಕಾಂಟ್ರಾಸ್ಟ್ ಹೆಚ್ಚಿಸಿ ಬಣ್ಣವನ್ನು ತಿರುವುಮುರುವು ಮಾಡಬಲ್ಲ ಯಾವುದಾದರೂ ಸಾಮಾನ್ಯ ತಂತ್ರಾಂಶ, ಗೆರೆ ಹಾಕದ ಕಾಗದ ಮತ್ತು ಪೆನ್ಸಿಲ್ ಇದ್ದರೆ ಸಾಕು. ಮೊಬೈಲ್ ಪರದೆಯಲ್ಲಿ ಒಂದೊಂದೇ ಪದ ಕಾಣುವುದರಿಂದ ಇಡೀ ಪುಟದ ಕೈಬರಹವನ್ನು ಹೋಲಿಸಿ ನೋಡಲು ಆಗುವುದಿಲ್ಲ; ಈ ಕೆಲಸಕ್ಕೆ ಅದನ್ನು ಬಳಸಬೇಡಿ. ಕಾಗದ ಮತ್ತು ಪೆನ್ಸಿಲ್ ಏಕೆ ಬೇಕೆಂಬುದು ಮೂರನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 1: ಸೂಚಿಯನ್ನು ಬಿಟ್ಟು ಮೂಲ ಹಾಳೆಯ ಚಿತ್ರಕ್ಕೆ ಹೋಗಿ

ಆನ್ಸೆಸ್ಟ್ರಿ, ಫೈಂಡ್‌ಮೈಪಾಸ್ಟ್, ಫ್ಯಾಮಿಲಿಸರ್ಚ್ ಮುಂತಾದ ತಾಣಗಳಲ್ಲಿ ಹುಡುಕಿದಾಗ ಮೊದಲು ಕಾಣುವುದು ಯಾರೋ ಓದಿ ಟೈಪ್ ಮಾಡಿದ ಸೂಚಿ. ಹೆಸರನ್ನು ಪತ್ತೆ ಹಚ್ಚಲು ಅದು ಉಪಯುಕ್ತ, ಆದರೆ ಕಸುಬನ್ನು ಅದರಿಂದ ತೆಗೆದುಕೊಳ್ಳಬೇಡಿ. ಎಷ್ಟೋ ಸೂಚಿಗಳಲ್ಲಿ ಕಸುಬಿನ ಅಂಕಣವನ್ನು ನಮೂದಿಸಿಯೇ ಇರುವುದಿಲ್ಲ; ನಮೂದಿಸಿದ್ದರೂ ಅದು ಆ ಊರಿನ ಪರಿಚಯವಿಲ್ಲದವರ ಓದಾಗಿರಬಹುದು. ಸೂಚಿ ಕೊಟ್ಟ ಪದವನ್ನು ಮನಸ್ಸಿನಲ್ಲಿಟ್ಟುಕೊಂಡು ಚಿತ್ರ ನೋಡಿದರೆ ಅದೇ ಪದ ಕಾಣುವುದರಿಂದ, ಸಾಧ್ಯವಾದರೆ ಸೂಚಿಯ ಕಸುಬನ್ನು ಓದದೆ ನೇರವಾಗಿ ಚಿತ್ರ ತೆರೆಯಿರಿ.

ಚಿತ್ರ ತೆರೆದ ತಕ್ಷಣ ಅದರ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. 1841 ಮತ್ತು 1851ರ ಹಾಳೆಗಳು ಎಚ್‌ಒ 107 ಎಂಬ ಸರಣಿಯಲ್ಲಿವೆ. 1861ಕ್ಕೆ ಆರ್‌ಜಿ 9, 1871ಕ್ಕೆ ಆರ್‌ಜಿ 10, 1881ಕ್ಕೆ ಆರ್‌ಜಿ 11, ಹೀಗೆ ಮುಂದುವರಿದು 1911ಕ್ಕೆ ಆರ್‌ಜಿ 14, 1921ಕ್ಕೆ ಆರ್‌ಜಿ 15 ಎಂದಿರುತ್ತದೆ. 1901ರವರೆಗಿನ ಪುಸ್ತಕಗಳಲ್ಲಿ ಇದರ ಜೊತೆಗೆ ಕಟ್ಟಿನ ಸಂಖ್ಯೆ, ಫೋಲಿಯೋ (ಎರಡೂ ಬದಿ ಸೇರಿದ ಒಂದು ಹಾಳೆಯ ಸಂಖ್ಯೆ) ಮತ್ತು ಪುಟ ಸಂಖ್ಯೆ ಬೇಕು. ಫೋಲಿಯೋ ಸಂಖ್ಯೆಯನ್ನು ಹಾಳೆಯ ಮುಂಬದಿಯ ಬಲ ಮೇಲ್ಮೂಲೆಯಲ್ಲಿ ಮಾತ್ರ ಮುದ್ರೆ ಒತ್ತಲಾಗಿದೆ. ನಿಮ್ಮ ಪುಟದಲ್ಲಿ ಅದು ಕಾಣದಿದ್ದರೆ ಹಿಂದಿನ ಚಿತ್ರವನ್ನು ನೋಡಿ.

ಹಂತ 2: ಆ ವರ್ಷ ಅಂಕಣದಲ್ಲಿ ಏನನ್ನು ಕೇಳಲಾಗಿತ್ತು ಎಂದು ತಿಳಿಯಿರಿ

ಕಸುಬಿನ ಅಂಕಣ ಎಲ್ಲ ಗಣತಿಗಳಲ್ಲಿಯೂ ಇದ್ದರೂ ಅದರಲ್ಲಿ ಏನನ್ನು ಬರೆಯಬೇಕು, ಏನನ್ನು ಬಿಡಬಹುದು ಎಂಬ ಸೂಚನೆ ಬದಲಾಗುತ್ತ ಬಂದಿದೆ. ಇದನ್ನು ತಿಳಿಯದೆ ಓದಿದರೆ ಖಾಲಿ ಜಾಗಕ್ಕೂ ತುಂಬಿದ ಜಾಗಕ್ಕೂ ತಪ್ಪು ಅರ್ಥ ಕೊಡುತ್ತೇವೆ.

1841ರ ಗಣತಿಯನ್ನು ಗಣತಿದಾರರು ಪೆನ್ಸಿಲ್‌ನಲ್ಲಿ ಬರೆದರು, ಮತ್ತು ಕೆಲವು ಕಸುಬುಗಳನ್ನು ಸಂಕ್ಷಿಪ್ತವಾಗಿ ಬರೆಯಲು ಅವರಿಗೆ ಅಧಿಕೃತವಾಗಿ ಅನುಮತಿಯಿತ್ತು. ಗಂಡನ ಅಥವಾ ತಂದೆತಾಯಿಯ ಜೊತೆಗಿದ್ದು ಅವರ ಕೆಲಸದಲ್ಲಿ ನೆರವಾಗುತ್ತಿದ್ದ, ಆದರೆ ಕೂಲಿ ಪಡೆಯದ ಹೆಂಡತಿ ಮಕ್ಕಳ ಕಸುಬನ್ನು ಬರೆಯಬೇಕಾಗಿಲ್ಲ ಎಂಬ ಸೂಚನೆಯೂ ಇತ್ತು. ಹೀಗಾಗಿ ಆ ವರ್ಷ ನೇಕಾರನ ಹೆಂಡತಿಯ ಎದುರು ಏನೂ ಬರೆದಿಲ್ಲವೆಂದರೆ ಆಕೆ ಮಗ್ಗದ ಕೆಲಸ ಮಾಡುತ್ತಿರಲಿಲ್ಲ ಎಂದು ತೀರ್ಮಾನಿಸಲು ಬರುವುದಿಲ್ಲ. ಅದೇ ವರ್ಷ ಮನೆಯ ಯಜಮಾನನಿಗೂ ಇತರರಿಗೂ ಇರುವ ಸಂಬಂಧವನ್ನು ಕೇಳಿರಲಿಲ್ಲ. 15 ವರ್ಷ ಮೀರಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಗುಣಕಕ್ಕೆ ಇಳಿಸಿ ಬರೆಯಲಾಗುತ್ತಿತ್ತು.

1851ರಿಂದ ಸಂಬಂಧ ಮತ್ತು ವೈವಾಹಿಕ ಸ್ಥಿತಿಯ ಅಂಕಣಗಳು ಸೇರಿದವು. ಒಡೆಯನಾಗಿ ದುಡಿಸುವವನು ಎಷ್ಟು ಆಳುಗಳನ್ನು ಇಟ್ಟುಕೊಂಡಿದ್ದಾನೆ, ರೈತ ಎಷ್ಟು ಎಕರೆ ಸಾಗುವಳಿ ಮಾಡುತ್ತಾನೆ ಎಂಬುದನ್ನೂ ಕಸುಬಿನ ಜೊತೆಗೇ ಬರೆಯಲು ಹೇಳಲಾಗಿತ್ತು. 1891ರಲ್ಲಿ ಉದ್ಯೋಗದಾತ, ಉದ್ಯೋಗಿ, ಎರಡೂ ಅಲ್ಲದವರು ಎಂಬ ಮೂರು ಪ್ರತ್ಯೇಕ ಅಂಕಣಗಳು ಬಂದವು. 1901ರಲ್ಲಿ ಅವು ಬದಲಾಗಿ, ಮನೆಯಲ್ಲಿಯೇ ಕುಳಿತು ಕೆಲಸ ಮಾಡುತ್ತಾರೆಯೇ ಎಂಬ ಪ್ರಶ್ನೆಯೂ ಸೇರಿತು. 1911ರಲ್ಲಿ ಯಾವ ಉದ್ಯಮ ಎಂಬುದನ್ನು ಬೇರೆಯಾಗಿ ಕೇಳಿದರು. 1921ರಲ್ಲಿ ಮಾಲೀಕನ ಹೆಸರು ಮತ್ತು ಕೆಲಸದ ಸ್ಥಳವನ್ನೂ ಕೇಳಿದರು.

ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಬರೆದವರದ್ದು. 1841ರಿಂದ 1901ರವರೆಗೆ ನಾವು ಓದುವುದು ಗಣತಿದಾರನ ಪುಸ್ತಕವನ್ನು. ಆ ಪುಸ್ತಕಗಳಲ್ಲಿ ಇರುವುದು ಮನೆಯವರು ತುಂಬಿದ ಫಾರಂನಿಂದ ಆತ ಮಾಡಿಕೊಂಡ ನಕಲು. ಮನೆಯವರು ಬರೆದದ್ದನ್ನು ಆತ ತಪ್ಪಾಗಿ ಓದಿರಬಹುದು, ಅಥವಾ ಜಾಗ ಸಾಲದೆ ಕತ್ತರಿಸಿರಬಹುದು. 1911ರಿಂದ ಮನೆಯವರೇ ತುಂಬಿದ ಫಾರಂ ನಮಗೆ ಸಿಗುತ್ತದೆ. ಗಣತಿದಾರನ ಪುಸ್ತಕದಲ್ಲಿ ಒಂದೇ ಕೈಬರಹ ನೂರಾರು ಸಾಲುಗಳವರೆಗೆ ಸಾಗುವುದರಿಂದ ಹೋಲಿಕೆಗೆ ಹೇರಳವಾದ ಮಾದರಿ ಇರುತ್ತದೆ. 1911ರ ಫಾರಂನಲ್ಲಿ ಆ ಒಂದು ಹಾಳೆಯಷ್ಟೇ ಮಾದರಿ.

ಅಮೆರಿಕದ ಹಾಳೆಗಳನ್ನು ಓದುವವರು ಅಲ್ಲಿನ ಸೂಚನೆಗಳು ಬೇರೆಯೆಂಬುದನ್ನು ನೆನಪಿಡಬೇಕು. 1850ರಲ್ಲಿ 15 ವರ್ಷ ಮೀರಿದ ಗಂಡಸರ ಕಸುಬನ್ನು ಮಾತ್ರ ಕೇಳಲಾಗಿತ್ತು. ಮುಂದಿನ ಗಣತಿಗಳಲ್ಲಿ ಕಾಣುವ ‘ಕೀಪಿಂಗ್ ಹೌಸ್’ ಎಂಬುದು ತನ್ನ ಸ್ವಂತ ಮನೆ ನಡೆಸುವ ಹೆಂಗಸಿಗೂ ‘ಹೌಸ್‌ಕೀಪರ್’ ಎಂಬುದು ಸಂಬಳಕ್ಕೆ ಆ ಕೆಲಸ ಮಾಡುವವಳಿಗೂ ಮೀಸಲಾಗಿತ್ತು. 1890ರ ಹಾಳೆಗಳು 1921ರ ಬೆಂಕಿಯ ಅನಾಹುತದಿಂದಾಗಿ ಬಹುಪಾಲು ಉಳಿದಿಲ್ಲ.

ಹಂತ 3: ಬರೆದವನ ಅಕ್ಷರಗಳ ಪಟ್ಟಿಯನ್ನು ಮಾಡಿಕೊಳ್ಳಿ

ಹೆಚ್ಚಿನವರು ಬಿಟ್ಟುಬಿಡುವುದು ಈ ಹಂತವನ್ನೇ. ಹೆಚ್ಚಿನ ಸೋಲುಗಳಿಗೆ ಕಾರಣವೂ ಇದೇ ಎಂದು ಧೈರ್ಯವಾಗಿ ಹೇಳಬಲ್ಲೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕೂಡುಬರಹವನ್ನು ಒಂದೇ ಲಿಪಿ ಎಂದು ಭಾವಿಸಬೇಡಿ. ಒಬ್ಬೊಬ್ಬ ಗಣತಿದಾರನ ಕೈಯಲ್ಲಿ ಅದು ಬೇರೆ ಬೇರೆ ರೂಪ ಪಡೆದಿದೆ. ಅಂತರಜಾಲದಲ್ಲಿ ಸಿಗುವ ಮಾದರಿ ಅಕ್ಷರಮಾಲೆಗಿಂತ ಅದೇ ಪುಟದಲ್ಲಿರುವ, ನಿಮಗೆ ಖಚಿತವಾಗಿ ಗೊತ್ತಿರುವ ಪದಗಳು ಹೆಚ್ಚು ನಂಬಿಕೆಗೆ ಅರ್ಹ.

ಖಚಿತವಾಗಿ ಗೊತ್ತಿರುವ ಪದಗಳು ಪುಟದ ತುಂಬ ಇರುತ್ತವೆ. ಸಂಬಂಧದ ಅಂಕಣದಲ್ಲಿ ‘ಹೆಡ್’, ‘ವೈಫ್’, ‘ಸನ್’, ‘ಡಾಟರ್’, ‘ಲಾಡ್ಜರ್’, ‘ಸರ್ವೆಂಟ್’ ಎಂಬ ಕೆಲವೇ ಪದಗಳು ಬರುತ್ತವೆ. ಅವುಗಳಿಂದ ದೊಡ್ಡ ಎಚ್, ಡಬ್ಲ್ಯು, ಎಸ್, ಡಿ, ಎಲ್ ಸಿಗುತ್ತವೆ. ಹೆಸರಿನ ಅಂಕಣದ ವಿಲಿಯಂ, ಥಾಮಸ್, ಜಾರ್ಜ್, ಮೇರಿ, ಸಾರಾ, ಎಲಿಜಬೆತ್ ಮುಂತಾದ ಸಾಮಾನ್ಯ ಹೆಸರುಗಳು ಇನ್ನಷ್ಟು ಅಕ್ಷರಗಳನ್ನು ಕೊಡುತ್ತವೆ. ಹುಟ್ಟೂರಿನ ಅಂಕಣದಲ್ಲಿ ಅದೇ ಊರು ಮತ್ತೆ ಮತ್ತೆ ಬರುವುದರಿಂದ ಒಂದು ಅಕ್ಷರವನ್ನು ಆತ ಅವಸರದಲ್ಲಿ ಹೇಗೆ ಬರೆಯುತ್ತಾನೆ, ನಿಧಾನವಾಗಿ ಹೇಗೆ ಬರೆಯುತ್ತಾನೆ ಎಂಬುದೂ ತಿಳಿಯುತ್ತದೆ. ಇವನ್ನೆಲ್ಲ ಕಾಗದದ ಮೇಲೆ ಪೆನ್ಸಿಲ್‌ನಿಂದ, ಕಂಡ ಆಕಾರದಲ್ಲಿಯೇ ನಕಲು ಮಾಡಿ. ಆಕಾರವನ್ನು ಕೈಯಿಂದ ಬರೆದಾಗ ಗೆರೆ ಎಲ್ಲಿ ಶುರುವಾಗಿ ಎಲ್ಲಿ ತಿರುಗಿತು ಎಂಬುದು ಗೊತ್ತಾಗುತ್ತದೆ. ಬರೀ ನೋಡುವುದರಿಂದ ಅದು ತಿಳಿಯದು.

ವಿಶೇಷ ಗಮನ ಕೊಡಬೇಕಾದ ಗೊಂದಲಗಳು ಇವು. ದೊಡ್ಡ ಎಸ್ ಮತ್ತು ದೊಡ್ಡ ಎಲ್ ಹಲವು ಕೈಬರಹಗಳಲ್ಲಿ ಒಂದೇ ರೀತಿ ಕಾಣುತ್ತವೆ; ದೊಡ್ಡ ಟಿ ಮತ್ತು ಎಫ್, ಐ ಮತ್ತು ಜೆ ಸಹ ಹಾಗೆಯೇ. ಚಿಕ್ಕ ಐ, ಎನ್, ಎಂ, ಯು ಅಕ್ಷರಗಳೆಲ್ಲ ಚಿಕ್ಕ ನೇರ ಗೆರೆಗಳ ಸಾಲಿನಂತೆ ಕಾಣುವುದರಿಂದ ಗೆರೆಗಳನ್ನು ಎಣಿಸಬೇಕು: ‘ಮೈನರ್’ ಎಂಬ ಗಣಿ ಕೆಲಸಗಾರನ ಪದದಲ್ಲಿ ದೊಡ್ಡ ಎಂ ಆದ ಮೇಲೆ ಐಗೆ ಒಂದು, ಎನ್‌ಗೆ ಎರಡು, ಒಟ್ಟು ಮೂರು ಗೆರೆಗಳು ಇರಬೇಕು. ಐ ಅಕ್ಷರದ ಚುಕ್ಕೆ ಅದರ ಮೇಲೆಯೇ ಬೀಳದೆ ಒಂದೆರಡು ಅಕ್ಷರಗಳಷ್ಟು ಬಲಕ್ಕೆ ಸರಿದಿರುವುದು ಸಾಮಾನ್ಯ. ಟಿ ಅಕ್ಷರದ ಅಡ್ಡಗೆರೆ ಎಷ್ಟೋ ಸಲ ಇರುವುದೇ ಇಲ್ಲ.

ಇನ್ನೊಂದು ದೊಡ್ಡ ಬಲೆ ಉದ್ದ ಎಸ್. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಹಳೆಯ ಪದ್ಧತಿಯಲ್ಲಿ ಬರೆಯುವವರು ಎರಡು ಎಸ್ ಜೊತೆಯಾಗಿ ಬಂದಾಗ ಮೊದಲನೆಯದನ್ನು ಮೇಲಿನಿಂದ ಕೆಳಗಿನವರೆಗೆ ಉದ್ದವಾಗಿ ಎಳೆಯುತ್ತಿದ್ದರು. ಅದು ಎಫ್‌ನಂತೆ, ಕೆಲವೊಮ್ಮೆ ಎರಡೂ ಸೇರಿ ಪಿಯಂತೆ ಕಾಣುತ್ತದೆ. ‘ಡ್ರೆಸ್‌ಮೇಕರ್’, ‘ಲಾಂಡ್ರೆಸ್’, ‘ಗವರ್ನೆಸ್’, ‘ಸೀಮ್‌ಸ್ಟ್ರೆಸ್’ ಎಂಬ ಹೆಂಗಸರ ಕಸುಬುಗಳಲ್ಲೆಲ್ಲ ಈ ಜೋಡಿ ಇರುವುದರಿಂದ, ಅರ್ಥವಾಗದ ಪದದಲ್ಲಿ ಎಫ್ ಅಥವಾ ಪಿ ಕಂಡರೆ ಅಲ್ಲಿ ಎರಡು ಎಸ್ ಇಟ್ಟು ಓದಿ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಹಂತ 4: ಗುಮಾಸ್ತರ ಗುರುತುಗಳನ್ನು ಬೇರ್ಪಡಿಸಿ

ಗಣತಿದಾರನ ಪುಸ್ತಕ ಲಂಡನ್ನಿನ ಕಚೇರಿಗೆ ಹೋದ ಮೇಲೆ ಅಲ್ಲಿನ ಗುಮಾಸ್ತರು ಎಣಿಕೆಗಾಗಿ ಅದರ ಮೇಲೆ ಟಿಕ್ ಗುರುತು, ಓರೆ ಗೆರೆ, ವರ್ಗೀಕರಣದ ಚಿಕ್ಕ ಪದಗಳನ್ನು ಬರೆದರು. 1911 ಮತ್ತು 1921ರ ಫಾರಂಗಳಲ್ಲಿ ಕಸುಬಿನ ಪಕ್ಕ ಕಾಣುವ ಅಂಕಿಗಳು ಇಂಥ ಸಂಕೇತಗಳೇ. ಓದಲು ತೊಡಗುವ ಮೊದಲು ಈ ಪದರವನ್ನು ಮಾನಸಿಕವಾಗಿ ತೆಗೆದುಹಾಕಬೇಕು. ಗೆರೆಯ ದಪ್ಪ, ಓರೆ, ಶಾಯಿಯ ಗಾಢತೆ ಉಳಿದ ಬರಹಕ್ಕಿಂತ ಬೇರೆಯಾಗಿದ್ದರೆ ಅದು ಗುಮಾಸ್ತನ ಕೈ. ಅಂಥದೊಂದು ಗೆರೆ ಎಲ್ ಅಕ್ಷರವನ್ನು ಟಿ ಮಾಡಬಹುದು, ಟಿಕ್ ಗುರುತೊಂದು ಪದದ ಮೊದಲಲ್ಲಿ ಇಲ್ಲದ ಅಕ್ಷರವನ್ನು ಸೇರಿಸಬಹುದು.

ಹಾಗೆಂದು ಅವನ್ನು ಪೂರ್ತಿ ಮರೆಯಬೇಡಿ. ಗುಮಾಸ್ತ ಸೇರಿಸಿದ ‘ಡೊಮ್’ ಎಂಬ ಟಿಪ್ಪಣಿ ಆ ವ್ಯಕ್ತಿಯನ್ನು ಮನೆಗೆಲಸದವರ ವರ್ಗಕ್ಕೆ ಹಾಕಿದ್ದನ್ನು ಹೇಳುತ್ತದೆ. ನಿಮ್ಮ ಓದು ಅದಕ್ಕೆ ತೀರ ವಿರುದ್ಧವಾಗಿದ್ದರೆ ಮತ್ತೊಮ್ಮೆ ನೋಡಲು ಅದು ಸಾಕಷ್ಟು ಕಾರಣ. ಆದರೆ ಅದು ಸಾಕ್ಷಿಯಾಗಿ ಬರಬೇಕಾದದ್ದು ಏಳನೆಯ ಹಂತದಲ್ಲಿ, ಈಗಲ್ಲ.

ಹಂತ 5: ಕಂಡದ್ದನ್ನು ಕಂಡಂತೆ ನಕಲು ಮಾಡಿ

ಈಗ ಪದವನ್ನು ಅಕ್ಷರ ಅಕ್ಷರವಾಗಿ ಬರೆದುಕೊಳ್ಳಿ. ಖಚಿತವಾದ ಅಕ್ಷರವನ್ನು ಹಾಗೆಯೇ ಬರೆಯಿರಿ. ಎರಡು ಸಾಧ್ಯತೆ ಇದ್ದರೆ ಎರಡನ್ನೂ ಒಂದರ ಮೇಲೊಂದು ಬರೆಯಿರಿ. ತಿಳಿಯದ ಅಕ್ಷರಕ್ಕೆ ಚುಕ್ಕೆ ಇಡಿ. ಕಾಗುಣಿತವನ್ನು ತಿದ್ದಬೇಡಿ, ಸಂಕ್ಷಿಪ್ತ ರೂಪವನ್ನು ಬಿಡಿಸಬೇಡಿ, ಮೇಲೆ ಏರಿಸಿ ಬರೆದ ಚಿಕ್ಕ ಅಕ್ಷರವನ್ನು ಕೆಳಗಿಳಿಸಬೇಡಿ. ಪದ ಪರದೆಯ ಮೇಲೆ ಮಬ್ಬಾಗುವಷ್ಟು ಹಿಗ್ಗಿಸಿದರೆ ಗೆರೆಗಳ ಸಂಬಂಧ ಕಳೆದುಹೋಗುತ್ತದೆ. ಇಡೀ ಸಾಲು ಒಟ್ಟಿಗೆ ಕಾಣುವಷ್ಟು ಗಾತ್ರವೇ ಸಾಮಾನ್ಯವಾಗಿ ಒಳ್ಳೆಯದು. 1841ರ ಮಾಸಿದ ಪೆನ್ಸಿಲ್ ಬರಹಕ್ಕೆ ಮಾತ್ರ ಚಿತ್ರದ ಬಣ್ಣ ತಿರುಗಿಸಿ, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗೆರೆಯಾಗಿ ನೋಡುವುದು ಉಪಯೋಗಕ್ಕೆ ಬರುತ್ತದೆ.

ಅಕ್ಷರಗಳ ಜೊತೆಗೆ ಪದದ ಏರಿಳಿತವನ್ನೂ ಗುರುತಿಸಿ: ಮೇಲೆ ಚಾಚಿದ ಗೆರೆಗಳೆಷ್ಟು, ಕೆಳಗಿಳಿದ ಗೆರೆಗಳೆಷ್ಟು, ಅವು ಎಷ್ಟನೆಯ ಸ್ಥಾನದಲ್ಲಿವೆ. ‘ಕೂಪರ್’ ಎಂಬ ಪೀಪಾಯಿ ಮಾಡುವವನ ಪದದಲ್ಲಿ ನಡುವೆ ಪಿ ಕೆಳಗಿಳಿಯುತ್ತದೆ. ಗಾಡಿ ಹೊಡೆಯುವ ‘ಕಾರ್ಟರ್’ ಪದದಲ್ಲಿ ನಡುವೆ ಟಿ ಮೇಲೇಳುತ್ತದೆ. ಸರಕು ಸಾಗಿಸುವ ‘ಕ್ಯಾರಿಯರ್’, ಹದ ಮಾಡಿದ ಚರ್ಮವನ್ನು ನಯಗೊಳಿಸುವ ‘ಕರಿಯರ್’, ಕೆತ್ತನೆಯ ‘ಕಾರ್ವರ್’ ಈ ಮೂರರಲ್ಲಿ ಏರಿಳಿತವೇ ಇಲ್ಲದಿರುವುದರಿಂದ ಒಂದನ್ನು ಇನ್ನೊಂದೆಂದು ಓದುವುದು ಸುಲಭ. ಅಲ್ಲಿ ಎರಡನೆಯ ಅಕ್ಷರ ಎ ಆಗಿದೆಯೋ ಯು ಆಗಿದೆಯೋ ಎಂಬುದನ್ನು ಮೂರನೆಯ ಹಂತದ ಪಟ್ಟಿಯ ಜೊತೆ ಹೋಲಿಸಬೇಕು.

ಹಂತ 6: ಸಂಕ್ಷಿಪ್ತ ರೂಪಗಳನ್ನು ಮತ್ತು ‘ಡಿಟ್ಟೋ’ವನ್ನು ಬಿಡಿಸಿ

ಅತಿ ಹೆಚ್ಚು ಕಾಣುವ ಸಂಕ್ಷಿಪ್ತ ರೂಪ ‘ಆಗ್ ಲ್ಯಾಬ್’, ಅಂದರೆ ಕೃಷಿ ಕೂಲಿಕಾರ. 1841ರ ಅಧಿಕೃತ ಪಟ್ಟಿಯಲ್ಲಿ ‘ಎಂ.ಎಸ್.’ ಎಂದರೆ ಗಂಡಾಳು, ‘ಎಫ್.ಎಸ್.’ ಎಂದರೆ ಹೆಣ್ಣಾಳು, ‘ಜೆ’ ಎಂದರೆ ತರಬೇತಿ ಮುಗಿಸಿ ಕೂಲಿಗೆ ದುಡಿಯುವ ಜರ್ನಿಮನ್, ‘ಎಪಿ’ ಎಂದರೆ ಕೆಲಸ ಕಲಿಯುವ ಅಪ್ರೆಂಟಿಸ್, ‘ಸಿಎಲ್’ ಎಂದರೆ ಗುಮಾಸ್ತ, ‘ಇಂಡ್’ ಎಂದರೆ ಸ್ವಂತ ಆದಾಯದ ಮೇಲೆ ಬದುಕುವವರು. ಅದೇ ಪಟ್ಟಿಯಲ್ಲಿ ದೊಡ್ಡ ಎಂ ಉತ್ಪಾದಕನನ್ನೂ ಚಿಕ್ಕ ಎಂ ತಯಾರಕನನ್ನೂ ಸೂಚಿಸುತ್ತಿತ್ತು. ‘ಶೂ’ ಪದದ ಮುಂದಿನ ಎಂ ಚಿಕ್ಕದಾಗಿದ್ದರೆ ಆತ ಚಪ್ಪಲಿ ಹೊಲಿಯುವವನು. ‘ಎಫ್.ಡಬ್ಲ್ಯು.ಕೆ.’ ಎಂಬುದು ಚೌಕಟ್ಟಿನ ಯಂತ್ರದಲ್ಲಿ ಹೆಣೆಯುವ ಫ್ರೇಮ್‌ವರ್ಕ್ ನಿಟರ್. ನಾಟಿಂಗ್‌ಹ್ಯಾಮ್‌ಷೈರ್, ಲೆಸ್ಟರ್‌ಷೈರ್, ಡರ್ಬಿಷೈರ್ ಹಾಳೆಗಳಲ್ಲಿ ಇದು ಧಾರಾಳವಾಗಿ ಸಿಗುತ್ತದೆ. ‘ಎಚ್.ಎಲ್.ಡಬ್ಲ್ಯು.’ ಕೈಮಗ್ಗದ ನೇಕಾರ, ‘ಪಿ.ಎಲ್.ಡಬ್ಲ್ಯು.’ ಯಂತ್ರಮಗ್ಗದ ನೇಕಾರ.

‘ಡಿಟ್ಟೋ’ ಎಂಬುದರ ಗುರುತು ದೊಡ್ಡ ಡಿ ಮತ್ತು ಅದರ ಪಕ್ಕ ಮೇಲೇರಿಸಿದ ಚಿಕ್ಕ ಒ. ಇದನ್ನು ಕಸುಬೆಂದು ಭಾವಿಸಿ ನಿಘಂಟಿನಲ್ಲಿ ಹುಡುಕುವವರಿದ್ದಾರೆ. ಮೇಲಿನ ಸಾಲಿನಲ್ಲಿರುವುದನ್ನೇ ಇಲ್ಲಿಯೂ ಓದಿಕೊಳ್ಳಿ ಎಂದು ಅದರ ಅರ್ಥ. ಆದರೆ ಎರಡು ಪದಗಳ ಕಸುಬಿನ ಕೆಳಗೆ ಒಂದೇ ಡಿಟ್ಟೋ ಇದ್ದು ಅದರ ಮುಂದೆ ಬೇರೆ ಪದ ಬಂದರೆ ಅದು ಮೊದಲ ಪದಕ್ಕೆ ಮಾತ್ರ ಅನ್ವಯಿಸುತ್ತದೆ: ಮೇಲೆ ‘ಕಾಟನ್ ಸ್ಪಿನ್ನರ್’ ಎಂದಿದ್ದು ಕೆಳಗೆ ಡಿಟ್ಟೋ ಆದ ಮೇಲೆ ‘ಪೀಸರ್’ ಎಂದಿದ್ದರೆ, ಮಗ ಹತ್ತಿಯ ಗಿರಣಿಯಲ್ಲಿ ಕಡಿದ ಎಳೆ ಜೋಡಿಸುವವನು. ಡಿಟ್ಟೋ ಪುಟದ ಮೊದಲ ಸಾಲಿನಲ್ಲಿದ್ದರೆ ಹಿಂದಿನ ಪುಟದ ಕೊನೆಯ ಸಾಲನ್ನು ನೋಡದೆ ಮುಂದುವರಿಯಬೇಡಿ.

ಹಂತ 7: ನೆರೆಹೊರೆಯನ್ನು ಓದಿ, ಸಾಧ್ಯತೆಗಳನ್ನು ಕಡಿಮೆ ಮಾಡಿ

ನಿಮ್ಮ ಮನೆಯ ಹಿಂದಿನ ಐದು, ಮುಂದಿನ ಐದು ಪುಟಗಳ ಕಸುಬುಗಳನ್ನು ಪಟ್ಟಿ ಮಾಡಿ. ಗಣತಿದಾರ ಬೀದಿಯ ಉದ್ದಕ್ಕೂ ನಡೆದು ಬರೆದದ್ದರಿಂದ ಆ ಪುಟಗಳು ಆ ಕೇರಿಯ ದುಡಿಮೆಯ ಚಿತ್ರವನ್ನೇ ಕೊಡುತ್ತವೆ. ನಿಮಗೆ ಅರ್ಥವಾಗದ ಪದವನ್ನು ಆತ ಬೇರೆಡೆ ನಿಧಾನವಾಗಿ, ಪೂರ್ತಿಯಾಗಿ ಬರೆದಿರುವುದು ಬಹಳ ಸಲ ಸಿಗುತ್ತದೆ. ಪ್ರದೇಶದ ಉದ್ಯಮವೂ ನೆರವಾಗುತ್ತದೆ: ಬೆಡ್‌ಫರ್ಡ್‌ಷೈರ್ ಮತ್ತು ಹರ್ಟ್‌ಫರ್ಡ್‌ಷೈರ್‌ನಲ್ಲಿ ಹೆಂಗಸರೂ ಮಕ್ಕಳೂ ಒಣಹುಲ್ಲು ಹೆಣೆಯುವ ‘ಸ್ಟ್ರಾ ಪ್ಲೇಟರ್’ಗಳಾಗಿದ್ದರು, ಡರಮ್ ಕಲ್ಲಿದ್ದಲು ಪ್ರದೇಶದಲ್ಲಿ ಕಲ್ಲಿದ್ದಲು ಕಡಿಯುವ ‘ಹ್ಯೂವರ್’ ಮತ್ತು ಕಡಿದದ್ದನ್ನು ಗಣಿಯೊಳಗೆ ಸಾಗಿಸುವ ‘ಪಟರ್’ ಸಾಮಾನ್ಯ, ಲ್ಯಾಂಕಾಷೈರ್‌ನಲ್ಲಿ ಹತ್ತಿ ಗಿರಣಿಯ ಹತ್ತಾರು ಕೆಲಸಗಳು ಬರುತ್ತವೆ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. 1851ರ ಒಂದು ಹಳ್ಳಿಯ ಪುಟದಲ್ಲಿ ಮನೆಯ ಯಜಮಾನನ ಎದುರಿಗಿರುವ ಪದ ‘ಲಾಯರ್’ ಎಂದು ಕಾಣುತ್ತದೆ ಎಂದುಕೊಳ್ಳಿ. ಒಟ್ಟು ಆರು ಅಕ್ಷರ, ನಾಲ್ಕನೆಯದು ಕೆಳಗಿಳಿದ ವೈ. ಏರಿಳಿತದಿಂದ ಇದನ್ನು ಪರೀಕ್ಷಿಸಲು ಆಗದು, ಏಕೆಂದರೆ ಮರ ಕೊಯ್ಯುವ ‘ಸಾಯರ್’ ಎಂಬ ಪದಕ್ಕೂ ಅದೇ ಆಕಾರ. ವ್ಯತ್ಯಾಸವಿರುವುದು ಮೊದಲ ಅಕ್ಷರದಲ್ಲಿ ಮಾತ್ರ. ಆದ್ದರಿಂದ ಸಂಬಂಧದ ಅಂಕಣಕ್ಕೆ ಹೋಗಿ ‘ಸನ್’ ಎಂಬಲ್ಲಿನ ಎಸ್ ನೋಡುತ್ತೇವೆ: ಮೇಲಿನ ಕುಣಿಕೆಯಿಂದ ಇಳಿದ ಗೆರೆ ಎಡಕ್ಕೆ ಬಾಗಿ ಅಲ್ಲಿಯೇ ನಿಲ್ಲುತ್ತದೆ. ಬಳಿಕ ‘ಲಾಡ್ಜರ್’ ಎಂಬಲ್ಲಿನ ಎಲ್: ಎಡಕ್ಕೆ ಬಾಗಿದ ಗೆರೆ ಇನ್ನೊಂದು ಚಿಕ್ಕ ಕುಣಿಕೆ ಹಾಕಿ ಬಲಕ್ಕೆ ಹೊರಳಿ ಮುಂದಿನ ಅಕ್ಷರವನ್ನು ಸೇರುತ್ತದೆ. ನಮ್ಮ ಪದದ ಮೊದಲ ಅಕ್ಷರ ಎಡದಲ್ಲೇ ನಿಂತಿದ್ದರೆ ಅದು ಎಸ್.

ಈಗ ನೆರೆಹೊರೆ. ನೆಲದಲ್ಲಿ ತೋಡಿದ ಗುಂಡಿಯ ಮೇಲೆ ದಿಮ್ಮಿಯಿಟ್ಟು ಮೇಲೊಬ್ಬ, ಕೆಳಗೊಬ್ಬ ನಿಂತು ಗರಗಸ ಎಳೆಯುವುದು ಆ ಕೆಲಸದ ಪದ್ಧತಿಯಾಗಿದ್ದರಿಂದ, ಅದೇ ಕಸುಬಿನ ಇನ್ನೊಬ್ಬ ಅದೇ ಮನೆಯಲ್ಲಿ ಅಥವಾ ಹತ್ತಿರದಲ್ಲಿ ಇರುವ ಸಂಭವ ಹೆಚ್ಚು. ನಾಲ್ಕು ಮನೆಗಳಾಚೆ ಅದೇ ಪದ ಮತ್ತೆ ಕಂಡರೆ ಓದಿಗೆ ಬಲ ಬಂತು. ಇಂಗ್ಲೆಂಡಿನ ವಕೀಲರು ಸಾಮಾನ್ಯವಾಗಿ ‘ಅಟಾರ್ನಿ’, ‘ಸಾಲಿಸಿಟರ್’, ‘ಬ್ಯಾರಿಸ್ಟರ್’ ಎಂದು ನಮೂದಾಗುತ್ತಿದ್ದರು ಎಂಬುದೂ ಅದೇ ಕಡೆಗೆ ಬೊಟ್ಟು ಮಾಡುತ್ತದೆ. ಇಷ್ಟು ಸಾಕ್ಷಿ ಸೇರಿದ ಮೇಲೆ ಪೂರ್ವಜ ವಕೀಲನೆಂಬ ಸಂತೋಷವನ್ನು ಬಿಟ್ಟುಕೊಡಬೇಕು. ‘ಟೇಲರ್’ ಮತ್ತು ‘ಸೇಲರ್’, ‘ಟ್ಯಾನರ್’ ಮತ್ತು ‘ಟರ್ನರ್’ ಜೋಡಿಗಳನ್ನೂ ಇದೇ ಕ್ರಮದಲ್ಲಿ ಬಿಡಿಸಬಹುದು.

ಹಂತ 8: ಈಗ ಅರ್ಥ ಹಚ್ಚಿ

ಅಪರಿಚಿತ ಪದಗಳು ಅಷ್ಟಾಗಿ ಮೋಸ ಮಾಡುವುದಿಲ್ಲ, ಏಕೆಂದರೆ ಅವನ್ನು ನಾವು ಹುಡುಕಿಯೇ ತಿಳಿಯುತ್ತೇವೆ. ‘ಕಾರ್ಡ್‌ವೇನರ್’ ಎಂದರೆ ಹೊಸ ಚರ್ಮದಿಂದ ಪಾದರಕ್ಷೆ ಮಾಡುವವನು, ‘ಫೆಲ್‌ಮಾಂಗರ್’ ಕುರಿ ಮುಂತಾದವುಗಳ ತೊಗಲಿನ ವ್ಯಾಪಾರಿ, ‘ಹಿಗ್ಲರ್’ ಊರೂರು ತಿರುಗಿ ಮಾರುವವನು, ‘ವಾರ್ಫಿಂಜರ್’ ಹಡಗುಕಟ್ಟೆಯ ಉಸ್ತುವಾರಿ ಅಥವಾ ಒಡೆಯ, ‘ಆಸ್ಲರ್’ ತಂಗುಮನೆಯಲ್ಲಿ ಕುದುರೆ ನೋಡಿಕೊಳ್ಳುವವನು. ಹಳೆಯ ಕಸುಬುಗಳ ನಿಘಂಟಿನಲ್ಲಿ ಇವೆಲ್ಲ ಸಿಗುತ್ತವೆ.

ಮೋಸ ಮಾಡುವುದು ಪರಿಚಿತ ಪದಗಳೇ. ‘ಸ್ಕಾಲರ್’ ಎಂದು ಬರೆದ ಆರು ವರ್ಷದ ಮಗು ಶಾಲೆಗೆ ಹೋಗುತ್ತಿತ್ತು ಎಂದಷ್ಟೇ ಅರ್ಥ. ‘ಕ್ಲರ್ಕ್’ ಪದದ ಮುಂದೆ ‘ಇನ್ ಹೋಲಿ ಆರ್ಡರ್ಸ್’ ಎಂದಿದ್ದರೆ ಆತ ಗುಮಾಸ್ತನಲ್ಲ, ಪಾದ್ರಿ. ‘ಎಂಜಿನ್ ಡ್ರೈವರ್’ ಎಂದವನು ರೈಲು ಓಡಿಸುತ್ತಿದ್ದನೆಂದು ಹೇಳಲಾಗದು. ಗಿರಣಿಯ ಅಥವಾ ಗಣಿಯ ಸ್ಥಿರ ಯಂತ್ರವನ್ನು ನಡೆಸುವವನಿಗೂ ಅದೇ ಪದ. ‘ವಿಕ್ಚುಯಲರ್’ ಎಂಬಂತೆ ಬರೆದು ‘ವಿಟ್ಲರ್’ ಎಂದೇ ಉಚ್ಚರಿಸುತ್ತಿದ್ದ ಪದ ಪರವಾನಗಿ ಪಡೆದ ಪಾನಗೃಹದವನನ್ನು ಸೂಚಿಸುತ್ತದೆ. ‘ಹೌಸ್‌ಕೀಪರ್’ ಸಂಬಳದ ಕೆಲಸದವಳೂ ಆಗಿರಬಹುದು, ಮನೆ ನಡೆಸುವ ಬಂಧುವೂ ಆಗಿರಬಹುದು. ಸಂಬಂಧದ ಅಂಕಣವೇ ಅದನ್ನು ತೀರ್ಮಾನಿಸಬೇಕು. ‘ಸರ್ವೆಂಟ್’ ಎಂಬುದು ಸಂಬಂಧದ ಅಂಕಣದಲ್ಲಿ ಬಂದರೆ ಆತ ಆ ಮನೆಯ ಆಳು ಎಂದು ತಿಳಿಯುತ್ತದೆಯೇ ಹೊರತು ಮಾಡುತ್ತಿದ್ದ ಕೆಲಸ ತಿಳಿಯದು. ಕಸುಬಿನ ಅಂಕಣದಲ್ಲಿ ಉಳುವವನೆಂದೋ ಗಾಡಿ ಹೊಡೆಯುವವನೆಂದೋ ಇರುತ್ತದೆ.

‘ಫಾರ್ಮರ್’ ಎಂಬುದರ ಜೊತೆಗಿನ ಅಂಕಿಯನ್ನು ಬಿಟ್ಟು ಓದಬೇಡಿ. ಎಂಟು ಎಕರೆಯನ್ನು ಒಬ್ಬನೇ ಸಾಗುವಳಿ ಮಾಡುವವನಿಗೂ ಮುನ್ನೂರು ಎಕರೆಯಲ್ಲಿ ಹನ್ನೆರಡು ಜನರನ್ನು ದುಡಿಸುವವನಿಗೂ ಅದೇ ಪದ ಬಳಕೆಯಾಗಿದೆ. ಅವರ ಬದುಕು ಒಂದೇ ಆಗಿರಲಿಲ್ಲ.

ಹಂತ 9: ಬೇರೆ ದಾಖಲೆಗಳ ಮುಂದಿಟ್ಟು ಪರೀಕ್ಷಿಸಿ

ಅದೇ ವ್ಯಕ್ತಿಯನ್ನು ಹಿಂದಿನ ಮತ್ತು ಮುಂದಿನ ಗಣತಿಗಳಲ್ಲಿ ಹುಡುಕಿ. ಗಣತಿದಾರ ಬೇರೆಯಾದ್ದರಿಂದ ಕೈಬರಹವೂ ಬೇರೆ. ಒಂದರಲ್ಲಿ ತೊಡಕಾದದ್ದು ಇನ್ನೊಂದರಲ್ಲಿ ಸ್ಪಷ್ಟವಾಗಿರುತ್ತದೆ. 1837ರ ಜುಲೈ 1ರಿಂದ ಆರಂಭವಾದ ನಾಗರಿಕ ನೋಂದಣಿಯ ಮದುವೆ ಪ್ರಮಾಣಪತ್ರಗಳಲ್ಲಿ ವರನ ಕಸುಬಿನ ಜೊತೆಗೆ ಎರಡೂ ಕಡೆಯ ತಂದೆಯರ ಕಸುಬಿಗೂ ಜಾಗವಿದೆ. 1813ರಿಂದ ಆಂಗ್ಲಿಕನ್ ಚರ್ಚಿನ ದೀಕ್ಷಾಸ್ನಾನದ ಮುದ್ರಿತ ಪುಸ್ತಕಗಳಲ್ಲಿ ತಂದೆಯ ಕಸುಬಿಗೆ ಪ್ರತ್ಯೇಕ ಅಂಕಣವಿದೆ. ಸ್ವಂತ ಅಂಗಡಿ ಅಥವಾ ಕಾರ್ಯಾಗಾರ ಇದ್ದವರ ಹೆಸರು ಪಿಗಟ್ ಮತ್ತು ಕೆಲ್ಲಿಯವರ ವ್ಯಾಪಾರ ಕೈಪಿಡಿಗಳಲ್ಲಿ ಅಚ್ಚಾಗಿರುತ್ತದೆ. ಕೂಲಿಕಾರರನ್ನು ಅಲ್ಲಿ ಹುಡುಕುವುದು ವ್ಯರ್ಥ. 1921ರ ನಂತರದ ಕೊಂಡಿ ಬೇಕಾದವರು 1939ರ ಸೆಪ್ಟೆಂಬರ್ 29ರ ರಾಷ್ಟ್ರೀಯ ನೋಂದಣಿಯನ್ನು ನೋಡಬೇಕು. ಇಂಗ್ಲೆಂಡ್ ಮತ್ತು ವೇಲ್ಸಿನ 1931ರ ಗಣತಿ 1942ರ ಬೆಂಕಿಯಲ್ಲಿ ನಾಶವಾಯಿತು, 1941ರಲ್ಲಿ ಗಣತಿಯೇ ನಡೆಯಲಿಲ್ಲ.

ಹತ್ತು ವರ್ಷಗಳಲ್ಲಿ ಕಸುಬು ಬದಲಾಗುವುದು ಸಹಜವೇ. ಕೃಷಿ ಕೂಲಿಕಾರ ರೈಲುದಾರಿಯ ಕೂಲಿಯಾಗಬಹುದು, ಕೈಮಗ್ಗದವನು ಗಿರಣಿ ಸೇರಬಹುದು. ಆದರೆ ವರ್ಷಗಟ್ಟಲೆ ತರಬೇತಿ ಬೇಡುವ ಕಸುಬೊಂದು ಒಂದೇ ಒಂದು ಗಣತಿಯಲ್ಲಿ ಕಾಣಿಸಿಕೊಂಡು ಮಾಯವಾದರೆ ಐದನೆಯ ಹಂತಕ್ಕೆ ಹಿಂದಿರುಗಬೇಕು.

ಎಚ್ಚರಿಕೆಯ ಲಕ್ಷಣಗಳು

ನಿಮ್ಮ ಓದು ತಪ್ಪಾಗಿರಬಹುದು ಎಂದು ಹೇಳುವ ಕೆಲವು ಲಕ್ಷಣಗಳಿವೆ. ಪದಕ್ಕೆ ಇರಬೇಕಾದ ಅಕ್ಷರಗಳಿಗಿಂತ ಹಾಳೆಯಲ್ಲಿ ಒಂದು ಗೆರೆ ಹೆಚ್ಚಾಗಿ ಉಳಿದು, ಅದನ್ನು ‘ಪೆನ್ನು ಜಾರಿದ್ದು’ ಎಂದು ನೀವು ವಿವರಿಸಿಕೊಂಡಿದ್ದೀರಿ. ಕಸುಬು ಮನೆಯ ಸ್ಥಿತಿಗೆ ಹೊಂದುವುದಿಲ್ಲ: ಆಳುಕಾಳಿಲ್ಲದ, ಹತ್ತು ವರ್ಷದ ಮಕ್ಕಳೂ ದುಡಿಯುವ ಮನೆಯಲ್ಲಿ ಯಜಮಾನ ದೊಡ್ಡ ಹುದ್ದೆಯವನು. ಆ ಪದ ಆ ಜಿಲ್ಲೆಯ ಬೇರೆ ಯಾವ ಪುಟದಲ್ಲೂ ಇಲ್ಲ. ಅಥವಾ, ಎಲ್ಲಕ್ಕಿಂತ ಅಪಾಯಕಾರಿಯಾದದ್ದು, ಮನೆತನದಲ್ಲಿ ಹೇಳಿಕೊಂಡು ಬಂದ ಕತೆಗೆ ಓದು ತೀರ ಚೆನ್ನಾಗಿ ಹೊಂದುತ್ತದೆ. ಕತೆ ನಿಜವಿರಬಹುದು, ಆದರೆ ಅದಕ್ಕೆ ಹೊಂದುವ ಓದನ್ನು ಉಳಿದವುಗಳಿಗಿಂತ ಹೆಚ್ಚು ಕಠಿಣವಾಗಿ ಪರೀಕ್ಷಿಸಬೇಕಾದದ್ದು ಹಿರಿಯರಿಗೆ ನಾವು ಸಲ್ಲಿಸಬೇಕಾದ ಪ್ರಾಮಾಣಿಕತೆ.

ಹಂತ 10: ಮುಂದಿನವರು ಪರಿಶೀಲಿಸುವಂತೆ ದಾಖಲಿಸಿ

ವಂಶವೃಕ್ಷದಲ್ಲಿ ಬರೀ ಕಸುಬಿನ ಹೆಸರನ್ನು ಬರೆದು ಬಿಡಬೇಡಿ. ಮೂರು ವಿಷಯಗಳನ್ನು ಬೇರೆ ಬೇರೆಯಾಗಿ ಇಡಿ: ಹಾಳೆಯಲ್ಲಿ ಕಂಡ ಅಕ್ಷರಗಳು, ನೀವು ಬಿಡಿಸಿ ಓದಿದ ಪದ, ಆ ಪದಕ್ಕೆ ನೀವು ಕೊಟ್ಟ ಅರ್ಥ. ಜೊತೆಗೆ ಉಲ್ಲೇಖ ಸಂಖ್ಯೆ ಮತ್ತು ಓದು ಖಚಿತವೋ, ಸಂಭವನೀಯವೋ, ಬರೀ ಊಹೆಯೋ ಎಂಬ ಒಂದು ಪದ ಇರಲಿ. ಚಿತ್ರದಿಂದ ಆ ಸಾಲನ್ನು, ಸಾಧ್ಯವಾದರೆ ಮೇಲಿನ ಮತ್ತು ಕೆಳಗಿನ ಎರಡೆರಡು ಸಾಲುಗಳ ಸಮೇತ, ಕತ್ತರಿಸಿ ಅದರ ಜೊತೆಗೇ ಉಳಿಸಿಡಿ.

ಎಲ್ಲ ಹಂತಗಳೂ ಮುಗಿದ ಮೇಲೂ ಪದ ಬಿಡಿಸಲಾಗದಿದ್ದರೆ ಐದನೆಯ ಹಂತದ ನಕಲನ್ನು ಚುಕ್ಕೆಗಳ ಸಮೇತ ಹಾಗೆಯೇ ದಾಖಲಿಸಿ. ಬೇರೆಯವರ ನೆರವು ಕೇಳುವಾಗ ಇಡೀ ಪುಟದ ಚಿತ್ರವನ್ನು ಕಳುಹಿಸಿ, ಯಾವ ಸಾಲು ಎಂದಷ್ಟೇ ಹೇಳಿ. ನಿಮ್ಮ ಊಹೆಯನ್ನು ಅವರ ಉತ್ತರ ಬಂದ ಮೇಲೆ ತಿಳಿಸಿ.